ಬಿಪಿ ಏರುತ್ತಿತ್ತು, ಮಿದುಳಿನ ಬುಡಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ: ಒಂದು ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಕರಣದಲ್ಲಿ ನಾವು ಮೂರು ದಿನ ತಪ್ಪು ದಾರಿಯಲ್ಲಿ ಓಡಾಡಿದೆವು. "ನಾವು" ಅಂದರೆ ಅದರಲ್ಲಿ ನಾನೂ ಇದ್ದೆ. ರೋಗಿ ಯಾರು, ಎಲ್ಲಿಯವರು, ಏನು ಕೆಲಸ, ಯಾವ ಆಸ್ಪತ್ರೆ, ಯಾವುದನ್ನೂ ಇಲ್ಲಿ ಬರೆದಿಲ್ಲ. ಅಂಕಿಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಏಕೆಂದರೆ ಕಥೆ ಇರುವುದೇ ಅಂಕಿಗಳಲ್ಲಿ.

ಹಿನ್ನೆಲೆ

ಮಧ್ಯವಯಸ್ಸಿನ ರೋಗಿ. ಕುತ್ತಿಗೆಯ ಎರಡೂ ಬದಿಯಲ್ಲಿ ಕೆರೋಟಿಡ್ ಬಾಡಿ ಗೆಡ್ಡೆ. ಇದು ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳ ದವಡೆಯ ಕೆಳಗೆ ಎರಡಾಗಿ ಕವಲೊಡೆಯುತ್ತದೆ. ಆ ಕವಲಿನ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಗಂಟು ಕೂತಿರುತ್ತದೆ. ಅದೇ ಕೆರೋಟಿಡ್ ಬಾಡಿ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುವುದು ಅದರ ಕೆಲಸ. ಅಲ್ಲೇ ಪಕ್ಕದಲ್ಲಿ, ರಕ್ತನಾಳದ ಗೋಡೆ ಕೊಂಚ ಉಬ್ಬಿರುವ ಕಡೆ, ಬೇರೆ ಜಾತಿಯ ನರತುದಿಗಳಿವೆ. ಅವು ಗೋಡೆ ಎಷ್ಟು ಹಿಗ್ಗಿತು ಅಂತ ಅಳೆಯುತ್ತವೆ, ಅಂದರೆ ರಕ್ತದೊತ್ತಡ ಅಳೆಯುತ್ತವೆ. ಕೆಲಸ ಎರಡು, ಆದರೆ ಎರಡರ ಸುದ್ದಿಯೂ ಒಂದೇ ತೆಳ್ಳನೆಯ ನರದ ಒಳಗೆ ಮೇಲಕ್ಕೆ ಹೋಗುತ್ತದೆ. ಒಂಬತ್ತನೇ ಕಪಾಲ ನರದ, ಅಂದರೆ ಗ್ಲಾಸೊಫ್ಯಾರಿಂಜಿಯಲ್ ನರದ, ಒಂದು ಪುಟ್ಟ ಕವಲು ಅದು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಮಗೆ ಅದು ನೆನಪಾಗಲು ಐದು ದಿನ ಬೇಕಾಯಿತು.

ಇವರಿಗೆ ಎಸ್‌ಡಿಎಚ್‌ಡಿ ಎಂಬ ಜೀನಿನಲ್ಲಿ ದೋಷವಿತ್ತು. ಈ ದೋಷ ಇದ್ದವರಿಗೆ ಇಂಥ ಗೆಡ್ಡೆಗಳು ಒಂದಕ್ಕಿಂತ ಹೆಚ್ಚು ಕಡೆ ಬರುವುದುಂಟು. ಎರಡು ವರ್ಷದ ಹಿಂದೆ ಬಲಗಡೆಯದನ್ನು ತೆಗೆದಿದ್ದರು. ಏನೂ ತೊಂದರೆ ಆಗಲಿಲ್ಲ, ಬಿಪಿ 124/78ರ ಆಸುಪಾಸಿನಲ್ಲೇ ಇತ್ತು. ಈಗ ಎಡಗಡೆಯದು ಬೆಳೆದು ನುಂಗುವಾಗ ಅಡ್ಡ ಬರಲು ಶುರುವಾಗಿತ್ತು, ಹಾಗಾಗಿ ಅದನ್ನೂ ತೆಗೆಯುವುದು ಅಂತ ನಿರ್ಧಾರವಾಯಿತು. ಕೆಲವು ಗೆಡ್ಡೆಗಳು ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನು ರಕ್ತಕ್ಕೆ ಸುರಿಯುತ್ತವೆ, ಅದಕ್ಕೆ ಆಪರೇಷನ್‌ಗೆ ಮೊದಲು ಮೆಟನೆಫ್ರಿನ್ ಪರೀಕ್ಷೆ ಮಾಡಿಸಿದ್ದರು. ನಾರ್ಮಲ್ ಬಂದಿತ್ತು. ಒಪ್ಪಿಗೆ ಪತ್ರದಲ್ಲಿ ಪಾರ್ಶ್ವವಾಯು, ಧ್ವನಿ ಹೋಗುವುದು, ನುಂಗಲು ಕಷ್ಟವಾಗುವುದು, ನಾಲಿಗೆ ಒಂದು ಕಡೆ ವಾಲುವುದು ಎಲ್ಲವೂ ಇತ್ತು. ಬಿಪಿ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದಾಗ ಧ್ವನಿ ಸ್ವಲ್ಪ ಒಡೆದಿತ್ತು. "ಹತ್ತನೇ ನರ, ವೇಗಸ್, ಕೊಂಚ ಎಳೆದಾಡಿದೆ, ಸರಿಹೋಗುತ್ತೆ" ಅಂದರು ಸರ್ಜನ್.

ಸಮಸ್ಯೆ

ಮೊದಲ ಸಂಜೆ 168/96. ನೋವು ಇರಬಹುದು ಅಂದುಕೊಂಡರು, ತಪ್ಪೇನಿಲ್ಲ. ಎರಡನೇ ದಿನ ಬೆಳಿಗ್ಗೆ 224/118, ಪಲ್ಸ್ 126, ಮುಖ ಕೆಂಪು, ಬೆವರು, ತಲೆ ಸಿಡಿಯುವಂಥ ನೋವು. ನನ್ನನ್ನು ಕರೆದದ್ದು ಆಗ.

ಮಂಚದ ಪಕ್ಕ ನಿಂತಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದುಕೊಂಡೆ, ಆದರೆ ಒಂದಕ್ಕೊಂದು ಸೇರಿಸಲಿಲ್ಲ. ಮನೆಯವರು ಒಳಗೆ ಬಂದರೆ ಮಾನಿಟರ್‌ನಲ್ಲಿ ಮೇಲಿನ ಅಂಕಿ 50, 60 ಏರುತ್ತಿತ್ತು. ಅವರು ಹೊರಗೆ ಹೋದ ಕಾಲು ಗಂಟೆಗೆ ಇಳಿಯುತ್ತಿತ್ತು. ರಾತ್ರಿ ನಿದ್ದೆ ಹತ್ತಿದಾಗ ಅದೇ ಮನುಷ್ಯನಿಗೆ 98/58. ಗಾಯದ ಬ್ಯಾಂಡೇಜ್ ಬದಲಿಸುವಾಗ 230. ಬಿಪಿ ಪಟ್ಟಿಯನ್ನು ಗೆರೆ ಎಳೆದು ನೋಡಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತಿತ್ತು. ಯಾರೋ ಫೈಲಿನಲ್ಲಿ "ತುಂಬಾ ಆತಂಕದ ಸ್ವಭಾವ" ಅಂತ ಬರೆದಿದ್ದರು. ಆ ಮೂರು ಪದ ಎಷ್ಟು ಹಾನಿ ಮಾಡಿತು ಅಂದರೆ, ಮುಂದೆ ಬಂದ ಪ್ರತಿಯೊಬ್ಬರೂ ಅದನ್ನೇ ಕನ್ನಡಕ ಮಾಡಿಕೊಂಡು ರೋಗಿಯನ್ನು ನೋಡಿದರು.

ಏನೇನು ಮಾಡಿ ನೋಡಿದೆವು

ನೋವಿಗೆ ಮಾರ್ಫಿನ್ ಜಾಸ್ತಿ ಮಾಡಿದೆವು. ಬಿಪಿ ಇಳಿಸುವ ಲೆಬೆಟಲಾಲ್ ಇಂಜೆಕ್ಷನ್ ಕೊಟ್ಟೆವು, ಅರ್ಧ ಗಂಟೆ ಇಳಿಯಿತು, ಮತ್ತೆ ಏರಿತು. ಆಮೇಲೆ ರಕ್ತನಾಳ ಸಡಿಲಿಸುವ ನೈಟ್ರೊಗ್ಲಿಸರಿನ್ ಡ್ರಿಪ್, ತೀರಾ ಸಣ್ಣ ಡೋಸಿನಲ್ಲಿ ಶುರು ಮಾಡಿದ್ದು. ಕೆಲವೇ ನಿಮಿಷದಲ್ಲಿ ಬಿಪಿ 78/44! ಡ್ರಿಪ್ ನಿಲ್ಲಿಸಿ, ಕಾಲು ಮೇಲೆತ್ತಿ, ಸಲೈನ್ ಓಡಿಸಿದೆವು. ಕಾಲು ಗಂಟೆಯೊಳಗೆ ಮತ್ತೆ 210. ಇಷ್ಟು ಕಡಿಮೆ ಡೋಸಿಗೆ ಈ ಪರಿ ಕುಸಿತ ಯಾಕೆ ಅಂತ ಆಗಲೇ ಕೇಳಬೇಕಿತ್ತು. ನಾವು "ಔಷಧ ಸೂಕ್ಷ್ಮ" ಅಂತ ಬರೆದು ಮುಂದೆ ಹೋದೆವು.

ಆಗ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಇನ್ನೊಂದು ಯೋಚನೆ. ಜೀನ್ ದೋಷ ಇರುವ ರೋಗಿ, ಬೆವರು, ತಲೆನೋವು, ಎದೆಬಡಿತ, ಹುಚ್ಚು ಬಿಪಿ. ಎಲ್ಲೋ ಇನ್ನೊಂದು ಗೆಡ್ಡೆ ಅಡಗಿದೆ, ಅದು ಅಡ್ರಿನಲಿನ್ ಸುರಿಯುತ್ತಿದೆ. ಪಠ್ಯಪುಸ್ತಕದ ಪ್ರಕಾರ ಬಹಳ ಚೆಂದದ ಊಹೆ. ಎದೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು, ಏನೂ ಇಲ್ಲ. ರಕ್ತದಲ್ಲಿ ನಾರ್‌ಅಡ್ರಿನಲಿನ್ ನೋಡಿದೆವು, ಬಿಪಿ ಏರಿದ್ದಾಗ ತೆಗೆದ ಮಾದರಿಯಲ್ಲಿ ಅದು ತುಂಬಾ ಜಾಸ್ತಿ ಇತ್ತು. ನನಗೆ ಖುಷಿಯಾಯಿತು, ನೋಡಿ, ಹಿಡಿದೆ ಅಂತ. ಇನ್ನೂ ಸೂಕ್ಷ್ಮವಾದ ಸ್ಕ್ಯಾನ್‌ಗೆ ಬರೆದುಕೊಟ್ಟೆ. ಹೀಗೇ ಮೂರು ದಿನ ಹೋಯಿತು.

ತಿರುವು ಬಂದದ್ದು ಬೆರಳಿನಿಂದ

ಐದನೇ ದಿನ ಮಧ್ಯಾಹ್ನ. ರೋಗಿಯನ್ನು ಸ್ಕ್ಯಾನ್‌ಗೆ ಕರೆದುಕೊಂಡು ಹೋಗುವಾಗ ಆಕ್ಸಿಜನ್ ಮಾಸ್ಕ್ ಜಾರಿ ಕುತ್ತಿಗೆಗೆ ಬಂದಿತ್ತು. ರೋಗಿ ಸುಮ್ನೆ ಮಾತಾಡುತ್ತಾ ಮಲಗಿದ್ದರು. ಜೊತೆಗಿದ್ದ ನರ್ಸ್‌ಗೆ ಬೆರಳಿನ ಆಕ್ಸಿಮೀಟರ್‌ನಲ್ಲಿ 82 ಕಾಣಿಸಿತು. ಯಂತ್ರ ಕೆಟ್ಟಿದೆ ಅಂದುಕೊಂಡು ಬೆರಳು ಬದಲಿಸಿದರು, 82. ಬೇರೆ ಯಂತ್ರ ತಂದರು, 81. ಉಸಿರು ನಿಮಿಷಕ್ಕೆ 12. "ಉಸಿರಾಡಲು ಕಷ್ಟ ಆಗ್ತಿದೆಯಾ?" ಅಂತ ಕೇಳಿದರೆ "ಇಲ್ವಲ್ಲ, ಯಾಕೆ?" ಅನ್ನುವ ಉತ್ತರ. ರಕ್ತ ತೆಗೆದು ಪರೀಕ್ಷಿಸಿದರೆ ಯಂತ್ರ ಹೇಳಿದ್ದೇ ನಿಜ.

ಮಾರ್ಫಿನ್‌ನಿಂದ ಉಸಿರು ಮಂದ ಆಗಿರಬಹುದು, ನಿಜ. ಆದರೆ ಹಿಂದಿನ ದಿನವೇ ಅದನ್ನು ಬಹುಪಾಲು ಇಳಿಸಿದ್ದೆವು, ರೋಗಿ ಪೂರ್ತಿ ಎಚ್ಚರವಾಗಿದ್ದರು. ಆಕ್ಸಿಜನ್ 82ಕ್ಕೆ ಇಳಿದರೆ ಎಚ್ಚರವಿರುವ ದೇಹ ಗಲಾಟೆ ಮಾಡಬೇಕು, ಉಸಿರು ಜೋರಾಗಬೇಕು. ಇಲ್ಲಿ ಯಾರೂ ಬಾಗಿಲು ತಟ್ಟಲೇ ಇಲ್ಲ.

ಆ ನರ್ಸ್ ಸುಮ್ನೆ ಕೇಳಿದ ಪ್ರಶ್ನೆ ಇದು: "ಸರ್, ಆಕ್ಸಿಜನ್ ನೋಡೋ ಗಂಟನ್ನೇ ಎರಡೂ ಕಡೆ ತೆಗೆದಿದ್ದಾರಲ್ಲ, ಇನ್ನು ಗೊತ್ತಾಗೋದು ಹೇಗೆ?" ನಾನು ಕಾರಿಡಾರಿನಲ್ಲೇ ನಿಂತುಬಿಟ್ಟೆ. ಆಕ್ಸಿಜನ್ನಿನ ಸುದ್ದಿ ಹೋಗುವ ನರ ಎರಡೂ ಕಡೆ ಕಡಿದಿದ್ದರೆ, ಅದೇ ನರದಲ್ಲಿ ಹೋಗುವ ಬಿಪಿಯ ಸುದ್ದಿ?

ಮಿದುಳಿನ ಬುಡದಲ್ಲಿ ಏನಾಗುತ್ತದೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಿದುಳಿನ ಬುಡ, ಅಂದರೆ ಮಿದುಳುಕಾಂಡದ ಕೆಳಭಾಗಕ್ಕೆ ಮೆಡುಲಾ ಅನ್ನುತ್ತಾರೆ. ಅದರ ಹಿಂಬದಿಯಲ್ಲಿ ನ್ಯೂಕ್ಲಿಯಸ್ ಟ್ರಾಕ್ಟಸ್ ಸಾಲಿಟೇರಿಯಸ್ ಎಂಬ ನರಕೋಶಗಳ ಗುಂಪಿದೆ. ಉದ್ದದ ಹೆಸರು, ಎನ್‌ಟಿಎಸ್ ಅನ್ನೋಣ. ಹೃದಯ, ದೊಡ್ಡ ರಕ್ತನಾಳ, ಶ್ವಾಸಕೋಶ, ಹೊಟ್ಟೆ, ಇವೆಲ್ಲವುಗಳ ವರದಿ ಮೊದಲು ಬಂದು ಇಳಿಯುವುದು ಇಲ್ಲಿ. ವೇಗಸ್ ನರ ಅಂದರೆ ಮಿದುಳಿನಿಂದ ಕೆಳಗೆ ಆಜ್ಞೆ ಒಯ್ಯುವ ನರ ಅಂತ ಬಹಳ ಜನ ತಿಳಿದಿರುತ್ತಾರೆ, ಆದರೆ ಅದರ ತಂತುಗಳಲ್ಲಿ ನೂರಕ್ಕೆ ಸುಮಾರು 80 ಕೆಳಗಿನಿಂದ ಮೇಲಕ್ಕೆ ಸುದ್ದಿ ತರುವಂಥವು.

ಬಿಪಿ ಏರಿದರೆ ಕೆರೋಟಿಡ್ ಗೋಡೆ ಹಿಗ್ಗುತ್ತದೆ. ನರತುದಿಯಲ್ಲಿರುವ ಪೀಝೋ ಎಂಬ ಚಾನೆಲ್‌ಗಳು, ಅಂದರೆ ಸೂಕ್ಷ್ಮ ಕಿಂಡಿಗಳು, ಆ ಎಳೆತಕ್ಕೆ ತೆರೆದುಕೊಳ್ಳುತ್ತವೆ. (ಈ ಚಾನೆಲ್‌ಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು.) ನರ ಟಕಟಕ ಮಿಡಿಯುತ್ತದೆ, ಎನ್‌ಟಿಎಸ್ ಕೇಳಿಸಿಕೊಳ್ಳುತ್ತದೆ, ಎರಡು ಕೆಲಸ ಮಾಡಿಸುತ್ತದೆ. ಒಂದು, ನ್ಯೂಕ್ಲಿಯಸ್ ಆಂಬಿಗುವಸ್ ಎಂಬ ಇನ್ನೊಂದು ಗುಂಪಿನ ಮೂಲಕ ವೇಗಸ್‌ನಲ್ಲಿ ಹೃದಯಕ್ಕೆ "ನಿಧಾನ" ಅಂತ ಹೇಳಿಸುತ್ತದೆ, ಇದು ಮುಂದಿನ ಒಂದೆರಡು ಬಡಿತದಲ್ಲೇ ಆಗಿಹೋಗುತ್ತದೆ. ಎರಡು, ಮೆಡುಲಾದ ಮುಂಬದಿಯಲ್ಲಿ ಸಿಂಪಥೆಟಿಕ್ ನರಗಳನ್ನು, ಅಂದರೆ ಹೃದಯದ ವೇಗ ಹೆಚ್ಚಿಸಿ ರಕ್ತನಾಳ ಬಿಗಿ ಮಾಡುವ ನರಗಳನ್ನು, ಹಗಲೂ ರಾತ್ರಿ ಉತ್ತೇಜಿಸುತ್ತಾ ಇರುವ ಕೋಶಗಳಿವೆಯಲ್ಲ, ಮಧ್ಯದಲ್ಲೊಂದು ಕೊಂಡಿಯ ಮೂಲಕ ಅವುಗಳಿಗೆ ಬ್ರೇಕ್ ಹಾಕಿಸುತ್ತದೆ. ರಕ್ತನಾಳ ಸಡಿಲವಾಗುತ್ತದೆ, ಬಿಪಿ ಇಳಿಯುತ್ತದೆ.

ಗಮನಿಸಿ, ಆ ಮುಂಬದಿಯ ಕೋಶಗಳನ್ನು ಯಾರೂ ಒತ್ತಬೇಕಾಗಿಲ್ಲ. ಅವು ಓಡುತ್ತಲೇ ಇರುತ್ತವೆ. ಎನ್‌ಟಿಎಸ್ ಮಾಡುವುದು ಹಿಡಿದು ನಿಲ್ಲಿಸುವ ಕೆಲಸ. ಬಿಪಿ ತೀರಾ ಇಳಿದಾಗ ಕೆರೋಟಿಡ್‌ನಿಂದ ಸದ್ದು ಬರುವುದಿಲ್ಲ. ನರ ಕಡಿದಾಗಲೂ ಸದ್ದು ಬರುವುದಿಲ್ಲ. ಎರಡಕ್ಕೂ ವ್ಯತ್ಯಾಸ ತಿಳಿಯಲು ಎನ್‌ಟಿಎಸ್‌ಗೆ ದಾರಿಯೇ ಇಲ್ಲ. ಮೌನವನ್ನು ಅದು "ರಕ್ತವೇ ಮುಟ್ಟುತ್ತಿಲ್ಲ" ಅಂತಲೇ ಓದುತ್ತದೆ, ಬ್ರೇಕ್ ಬಿಟ್ಟುಬಿಡುತ್ತದೆ. ಅದಕ್ಕೇ ಬಿಪಿ 224 ಇದ್ದರೂ ಪಲ್ಸ್ 126. ಮನಸ್ಸಿಗೆ ಸ್ವಲ್ಪ ಕದಲಿಕೆ ಆದರೆ ಮೇಲಿನ ಮಿದುಳಿನಿಂದ ಬರುವ ತಳ್ಳು ನೇರವಾಗಿ ಹೃದಯಕ್ಕೂ ರಕ್ತನಾಳಕ್ಕೂ ಹೋಗುತ್ತದೆ, ತಡೆಯುವವರಿಲ್ಲ. ನಿದ್ದೆಯಲ್ಲಿ ಆ ತಳ್ಳು ಇಲ್ಲ, ಹಾಗಾಗಿ 98. ನೈಟ್ರೊಗ್ಲಿಸರಿನ್‌ಗೆ ಕುಸಿದದ್ದೂ ಇದೇ ಕಾರಣಕ್ಕೆ: ಇಳಿಯುವಾಗ ಎತ್ತಿ ಹಿಡಿಯಬೇಕಾದದ್ದೂ ಅದೇ ವ್ಯವಸ್ಥೆ ತಾನೆ.

ಬಲಗಡೆ ತೆಗೆದಾಗ ಏನೂ ಆಗಲಿಲ್ಲ ಏಕೆಂದರೆ ಎಡಗಡೆಯದು ಇಬ್ಬರ ಕೆಲಸ ಮಾಡುತ್ತಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ, ಅದು ಬಿಲ್ಲಿನ ಹಾಗೆ ಬಾಗುವ ಕಡೆಯಲ್ಲೂ ಇಂಥದೇ ನರತುದಿಗಳಿವೆ, ಅವುಗಳ ಸುದ್ದಿ ವೇಗಸ್‌ನಲ್ಲಿ ಬರುತ್ತದೆ. ಅವು ಯಾಕೆ ಕಾಪಾಡಲಿಲ್ಲ? ಕೆರೋಟಿಡ್ ಎರಡೂ ಹೋದ ಮೇಲೆ ಅವುಗಳೊಂದರಿಂದಲೇ ಬಿಪಿ ಹತೋಟಿಯಲ್ಲಿ ಉಳಿಯುವುದು ಕಷ್ಟ. ಜೊತೆಗೆ ಆ ಒಡೆದ ಧ್ವನಿ ನೆನಪಿದೆಯಾ? ವೇಗಸ್‌ಗೂ ಪೆಟ್ಟು ಬಿದ್ದಿತ್ತು.

ಇದಕ್ಕೆ ಬೇರೋರಿಫ್ಲೆಕ್ಸ್ ಫೇಲ್ಯೂರ್, ಅಂದರೆ ಬಿಪಿ ಹತೋಟಿಯ ಪ್ರತಿವರ್ತನೆ ಸೋಲುವುದು, ಅನ್ನುತ್ತಾರೆ. ಅಪರೂಪದ್ದು. ಕುತ್ತಿಗೆಗೆ ರೇಡಿಯೇಷನ್ ಕೊಟ್ಟು ವರ್ಷಗಳಾದ ಮೇಲೂ ಬರುತ್ತದೆ, ಎನ್‌ಟಿಎಸ್ ಇರುವ ಜಾಗಕ್ಕೇ ಪಾರ್ಶ್ವವಾಯು ಹೊಡೆದರೂ ಬರುತ್ತದೆ.

ಹಾಸಿಗೆ ಪಕ್ಕದ ಪರೀಕ್ಷೆಗಳು

ಊಹೆ ಸಿಕ್ಕಿತು, ಆದರೆ ಹಿಂದಿನ ಊಹೆಯೂ ಚೆಂದವೇ ಇತ್ತಲ್ಲ. ಪರೀಕ್ಷಿಸಬೇಕಿತ್ತು.

ಮೊದಲು ರೋಗಿಗೆ ನಿಮಿಷಕ್ಕೆ ಆರು ಸಲ ಆಳವಾಗಿ ಉಸಿರಾಡಲು ಹೇಳಿ ಇಸಿಜಿ ಓಡಿಸಿದೆವು. ಆರೋಗ್ಯವಂತರಲ್ಲಿ ಉಸಿರು ಒಳಗೆ ಎಳೆಯುವಾಗ ಪಲ್ಸ್ ಏರುತ್ತದೆ, ಬಿಡುವಾಗ ಇಳಿಯುತ್ತದೆ. ಉಸಿರಿನ ತಾಳ ಹಾಕುವ ಕೋಶಗಳೂ ಹೃದಯಕ್ಕೆ ಬ್ರೇಕ್ ಹಾಕುವ ಕೋಶಗಳೂ ಮೆಡುಲಾದಲ್ಲಿ ಅಕ್ಕಪಕ್ಕದಲ್ಲೇ ಇವೆ. ಉಸಿರು ಎಳೆದುಕೊಳ್ಳುವ ಹೊತ್ತಿಗೆ ವೇಗಸ್‌ನ ಬ್ರೇಕ್ ಸಡಿಲವಾಗುತ್ತದೆ, ಶ್ವಾಸಕೋಶ ಹಿಗ್ಗಿದ ಸುದ್ದಿಯೂ ಅದಕ್ಕೆ ಸೇರಿಕೊಳ್ಳುತ್ತದೆ. ನಮ್ಮ ರೋಗಿಯಲ್ಲಿ ಈ ಅಲೆ ಕಡಿಮೆ ಇತ್ತು, ಆದರೆ ಇತ್ತು. ಅಂದರೆ ಹೃದಯಕ್ಕೆ ಇಳಿದು ಹೋಗುವ ತಂತಿ ಬದುಕಿದೆ, ಹೋಗಿರುವುದು ಮೇಲಕ್ಕೆ ಬರುವ ತಂತಿ.

ಆಮೇಲೆ ಫಿನೈಲೆಫ್ರಿನ್, ರಕ್ತನಾಳ ಬಿಗಿ ಮಾಡುವ ಔಷಧ, ಮಾಮೂಲಿಗಿಂತ ಬಹಳ ಕಡಿಮೆ ಡೋಸ್. ಬಿಪಿ 118ರಿಂದ 161ಕ್ಕೆ ಏರಿತು. ಪಲ್ಸ್ 88 ಇದ್ದದ್ದು 87. ಇನ್ನೊಬ್ಬರಾಗಿದ್ದರೆ ಪಲ್ಸ್ ದಡಕ್ಕನೆ ಇಳಿಯಬೇಕಿತ್ತು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದೆವು, 142 ಇದ್ದದ್ದು ಎರಡು ನಿಮಿಷಕ್ಕೆ 196. ಕಳೆಯುವ ಲೆಕ್ಕಕ್ಕೆ! "ತುಂಬಾ ಆತಂಕದ ಸ್ವಭಾವ" ಅಂತ ಬರೆದಿದ್ದ ಸಾಲಿನ ಮೇಲೆ ಆವತ್ತೇ ಗೆರೆ ಎಳೆದೆ.

ಕೊನೆಗೆ ಕ್ಲೊನಿಡಿನ್. ಈ ಮಾತ್ರೆ ಮಿದುಳುಕಾಂಡದಲ್ಲೇ ಕೂತು ಸಿಂಪಥೆಟಿಕ್ ಹರಿವನ್ನು ಕಡಿಮೆ ಮಾಡುತ್ತದೆ. ಗೆಡ್ಡೆಯೇ ನಾರ್‌ಅಡ್ರಿನಲಿನ್ ಸುರಿಯುತ್ತಿದ್ದರೆ ಕ್ಲೊನಿಡಿನ್ ಕೊಟ್ಟರೂ ಅದರ ಮಟ್ಟ ಇಳಿಯುವುದಿಲ್ಲ, ಗೆಡ್ಡೆ ಮಿದುಳಿನ ಮಾತು ಕೇಳುವುದಿಲ್ಲ. ಲೆಬೆಟಲಾಲ್ ಈ ಪರೀಕ್ಷೆಯನ್ನು ಕೆಡಿಸಬಹುದು, ಹಾಗಾಗಿ ಅದನ್ನು ನಿಲ್ಲಿಸಿ ಕಾಯಬೇಕಾಯಿತು. ಆ ಕಾಯುವಿಕೆ ಸುಲಭ ಇರಲಿಲ್ಲ. ರೋಗಿಯನ್ನು ಮಲಗಿಸಿಕೊಂಡೇ 0.1 ಮಿಲಿಗ್ರಾಂ ಕೊಟ್ಟೆವು. ಮೂರು ಗಂಟೆಯಲ್ಲಿ ನಾರ್‌ಅಡ್ರಿನಲಿನ್ ಅರ್ಧಕ್ಕಿಂತ ಕೆಳಗೆ ಬಂತು, ಬಿಪಿ 126/74ಕ್ಕೆ ಇಳಿದು ಅಲ್ಲೇ ನಿಂತಿತು. ಅಡಗಿದ ಗೆಡ್ಡೆಯ ಬೇಟೆ ಅಲ್ಲಿಗೆ ಮುಗಿಯಿತು.

ಮತ್ತೆ ಒಂದು ತಪ್ಪು

ಎಲ್ಲ ಸರಿಹೋಯಿತು ಅಂದುಕೊಂಡಾಗಲೇ ಒಂಬತ್ತನೇ ದಿನ ಒಂದು ಎಡವಟ್ಟು. ನುಂಗುವ ಪರೀಕ್ಷೆಗೆ ಅಂತ "ಬಾಯಿಗೆ ಏನೂ ಕೊಡಬೇಡಿ" ಎಂದು ಬರೆದಿದ್ದರು. ಏನೂ ಅಂದರೆ ಏನೂ ಇಲ್ಲ, ಕ್ಲೊನಿಡಿನ್ ಕೂಡ ಇಲ್ಲ. ಎರಡು ಡೋಸ್ ತಪ್ಪಿತು. ಕ್ಲೊನಿಡಿನ್ ಹಠಾತ್ ನಿಂತರೆ ಯಾರಿಗಾದರೂ ಬಿಪಿ ಪುಟಿದೇಳುತ್ತದೆ, ಬ್ರೇಕೇ ಇಲ್ಲದವರಿಗೆ ಕೇಳಬೇಕೆ. 236/128. ಹೃದಯ ಆ ಒತ್ತಡಕ್ಕೆ ಎದುರಾಗಿ ತಳ್ಳಲಾರದೆ ಶ್ವಾಸಕೋಶದಲ್ಲಿ ನೀರು ತುಂಬಿತು.

ಈ ಘಟನೆಯೊಳಗೆ ಒಂದು ಪಾಠ ಅಡಗಿತ್ತು, ಅವತ್ತಿನ ಗಾಬರಿಯಲ್ಲಿ ಕಾಣಲಿಲ್ಲ. ಆಕ್ಸಿಜನ್ 92 ಇತ್ತು, ಅಷ್ಟೇನೂ ಕೆಟ್ಟದ್ದಲ್ಲ. ಆದರೆ ರೋಗಿ ಎದ್ದು ಕೂತು ಏದುಸಿರು ಬಿಡುತ್ತಿದ್ದರು, ನಿಮಿಷಕ್ಕೆ 34 ಸಲ, ಮೇಲುಮೇಲಿನ ಉಸಿರು, "ಉಸಿರು ಕಟ್ತಾ ಇದೆ" ಅನ್ನುತ್ತಿದ್ದರು. ನಾಲ್ಕು ದಿನದ ಹಿಂದೆ 82ರಲ್ಲಿ ಆರಾಮಾಗಿ ಮಾತಾಡುತ್ತಿದ್ದವರು ಇವರೇ! ಕಾರಣ, ಇದು ಬೇರೆ ತಂತಿ. ಶ್ವಾಸಕೋಶದ ಗೋಡೆಯಲ್ಲಿ, ಸೂಕ್ಷ್ಮ ರಕ್ತನಾಳಗಳ ಪಕ್ಕದಲ್ಲಿ, ಜೆ ರಿಸೆಪ್ಟರ್ ಎಂಬ ನರತುದಿಗಳಿವೆ. ಅವುಗಳನ್ನು ಗುರುತಿಸಿದವರು ಭಾರತದ ವಿಜ್ಞಾನಿ ಅವತಾರ್ ಸಿಂಗ್ ಪೈಂಟಲ್. ಅಲ್ಲಿ ನೀರು ಜಿನುಗಿದರೆ ಅವು ವೇಗಸ್ ಮೂಲಕ ಎನ್‌ಟಿಎಸ್‌ಗೆ ಕೂಗು ಹಾಕುತ್ತವೆ. ವೇಗಸ್ ಪೆಟ್ಟು ತಿಂದಿತ್ತು, ಆದರೆ ಸತ್ತಿರಲಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಲ್ಲ ಅಂತ ಹೇಳುವವರು ಯಾರೂ ಉಳಿದಿರಲಿಲ್ಲ, ಶ್ವಾಸಕೋಶ ಒದ್ದೆಯಾಗಿದೆ ಅಂತ ಹೇಳುವವರು ಇನ್ನೂ ಇದ್ದರು.

ಹಾಗಾದರೆ ಮಾಮೂಲಿ ಉಸಿರಾಟ ಹೇಗೆ ನಡೆಯುತ್ತಿತ್ತು ಅಂತ ಕೇಳಬಹುದು. ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಅದನ್ನು ಹಿಡಿಯುವ ಕೋಶಗಳು ಮುಖ್ಯವಾಗಿ ಮೆಡುಲಾದಲ್ಲೇ ಇವೆ, ಅವಕ್ಕೆ ಕುತ್ತಿಗೆಯ ನರ ಬೇಕಿಲ್ಲ.

ಒಂದು ಸಣ್ಣ ಅಡ್ಡಮಾತು. ಶ್ವಾಸಕೋಶ ಹಿಗ್ಗಿದರೆ ವೇಗಸ್ ಮೂಲಕ ಉಸಿರು ನಿಲ್ಲುವ ಸೂಚನೆ ಹೋಗುತ್ತದೆ ಅಂತ 1868ರಲ್ಲಿ ತೋರಿಸಿದವರು ಎವಾಲ್ಡ್ ಹೆರಿಂಗ್ ಮತ್ತು ಯೋಸೆಫ್ ಬ್ರಾಯರ್. ಕೆರೋಟಿಡ್ ಉಬ್ಬಿನಿಂದ ಬಿಪಿ ಪ್ರತಿವರ್ತನೆ ಶುರುವಾಗುತ್ತದೆ ಅಂತ 1920ರ ದಶಕದಲ್ಲಿ ತೋರಿಸಿದವರು ಆ ಎವಾಲ್ಡ್ ಹೆರಿಂಗ್ ಅವರ ಮಗ. ಅಪ್ಪ ಶ್ವಾಸಕೋಶದ ತಂತಿ ಹಿಡಿದರೆ ಮಗ ರಕ್ತನಾಳದ್ದು ಹಿಡಿದರು. ಆಕ್ಸಿಜನ್ ಮತ್ತು ಉಸಿರಾಟದ ಕೊಂಡಿಯನ್ನು ಈ ಜಾಗಕ್ಕೆ ಕಟ್ಟಿದ ಕೊರ್ನೇಯ್ ಹೈಮನ್ಸ್ ಅವರಿಗೆ 1938ರ ನೊಬೆಲ್ ಸಿಕ್ಕಿತು.

ಏನಾಯಿತು

ಕ್ಲೊನಿಡಿನ್ ಮಾತ್ರೆಯ ಬದಲು ಚರ್ಮಕ್ಕೆ ಅಂಟಿಸುವ ಪ್ಯಾಚ್ ಹಾಕಿದೆವು, ವಾರಕ್ಕೊಮ್ಮೆ ಬದಲಿಸುವುದು. ಡೋಸ್ ತಪ್ಪುವ ಭಯ ಕಡಿಮೆ. ಮೂರು ವಾರಕ್ಕೆ ಮನೆಗೆ ಹೋದರು. ಬಿಪಿ ಏರಿಳಿತ ನಿಲ್ಲಲಿಲ್ಲ, ಗರಗಸದ ಹಲ್ಲು ಮೊಂಡಾಯಿತು ಅಷ್ಟೇ. ಏರಿದ ಪ್ರತಿ ಸಲ ಇನ್ನೊಂದು ಮಾತ್ರೆ ನುಂಗಬೇಡಿ ಅಂತ ಹೇಳಿ ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟವಾಯಿತು, ಏಕೆಂದರೆ ಮಾತ್ರೆ ಕೆಲಸ ಮಾಡುವ ಹೊತ್ತಿಗೆ ಬಿಪಿ ತಾನೇ ಇಳಿದಿರುತ್ತದೆ, ಆಮೇಲೆ ಎದ್ದು ನಿಂತರೆ ತಲೆ ತಿರುಗಿ ಬೀಳುವುದೇ. ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳುತ್ತಾರೆ: ಬಿಪಿ ಔಷಧ ಇಂಜೆಕ್ಷನ್ ಕೊಡುವುದಾದರೆ ತೀರಾ ಕಡಿಮೆ ಡೋಸ್, ಕ್ಲೊನಿಡಿನ್ ನಿಲ್ಲಿಸಬೇಡಿ, ಉಸಿರು ಕಟ್ಟುತ್ತಿಲ್ಲ ಅಂದರೂ ಆಕ್ಸಿಜನ್ ಅಳೆದು ನೋಡಿ. ನಿದ್ದೆಮಾತ್ರೆಗೂ ಎತ್ತರದ ಬೆಟ್ಟದ ಪ್ರಯಾಣಕ್ಕೂ ಕೇಳದೆ ಕೈ ಹಾಕಬಾರದು ಅಂತಲೂ ಅದರಲ್ಲಿದೆ.

ನಮ್ಮ ಕಡೆ ಬದಲಾದದ್ದು ಎರಡು. ಎರಡನೇ ಬದಿಯ ಗೆಡ್ಡೆ ತೆಗೆಯುವ ಮೊದಲು ಈಗ ಬಿಪಿಯ ಮಾತು ಒಪ್ಪಿಗೆ ಪತ್ರದಲ್ಲಿದೆ. ಇವು ಬಹುತೇಕ ನಿಧಾನ ಬೆಳೆಯುವ ಗೆಡ್ಡೆಗಳು, ತೆಗೆಯದೆ ಕಾದು ನೋಡುವುದೂ ಒಂದು ಆಯ್ಕೆ. ನುಂಗಲು ಕಷ್ಟ ಇದ್ದರೂ ಇವರು ಕಾಯುತ್ತಿದ್ದರೋ ಏನೋ, ಕನಿಷ್ಠ ಕೇಳಬೇಕಿತ್ತು. ಇನ್ನೊಂದು, "ಬಾಯಿಗೆ ಏನೂ ಬೇಡ" ಅನ್ನುವ ಚೀಟಿಯಲ್ಲಿ ಈಗ "ಇವನ್ನು ಬಿಟ್ಟು" ಅಂತ ಒಂದು ಖಾಲಿ ಸಾಲು ಇದೆ.

ಆರು ತಿಂಗಳ ನಂತರ ತಪಾಸಣೆಗೆ ಬಂದರು. ಕೈಗೆ ಯಂತ್ರ ಕಟ್ಟಿ, ದೀಪ ಆರಿಸಿ, ನಾನು ಹೊರಗೆ ಹೋದೆ. ಹತ್ತು ನಿಮಿಷ ತಾನೇ ಅಳೆದುಕೊಂಡ ಯಂತ್ರದಲ್ಲಿ 112, 109, 110. ಬಾಗಿಲು ತೆಗೆದು ಒಳಗೆ ಬಂದೆ. 171.

"ನೀವು ಹೊರಗೇ ಇರಿ ಡಾಕ್ಟ್ರೇ" ಅಂದರು.